ಕಲ್ಯಾಣಮ್ಮನ ಐಎನ್‌ಜಿ ಪಾಠ

"ಐ ಆ್ಯಮ್ ವೇಟಿಂಗ್ ಯು," ಎಂದಳು ಕಲ್ಯಾಣಮ್ಮ.

ಮಲ್ಕಪ್ಪ ಮಾಸ್ತರ ಚಪ್ಪಲಿ ಕಳಚುತ್ತಿದ್ದವನು ಹಾಗೇ ನಿಂತ. ನಿನ್ನ ದಾರಿ ಕಾಯುತ್ತಿದ್ದೇನೆ ಎಂಬ ಮಾತನ್ನು ಯಾವ ಹೆಣ್ಣೂ ಅವನಿಗೆ ಯಾವ ಭಾಷೆಯಲ್ಲೂ ಹೇಳಿರಲಿಲ್ಲ.

"ಯಾಕ್ರಿ ಮಾಸ್ತರ, ತಪ್ಪಾತೇನ್ರಿ?"

"ನಡುವ ಫಾರ್ ಬೇಕ್ರಿ. ವೇಟಿಂಗ್ ಫಾರ್ ಯು."

"ಅಷ್ಟೇ ಏನು!" ಎಂದು ಆಕೆ ನಕ್ಕಳು. ಅವನಿಗೆ ನಗಲಾಗಲಿಲ್ಲ.

ಹೈದರಾಬಾದ್ ಸರಕಾರ ಹೋಗಿ, ಕನ್ನಡ ನಾಡು ಒಂದಾಗಿ ಇನ್ನೂ ಕೆಲವೇ ವಾರಗಳಾಗಿದ್ದವು. ಶಹಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲ್ಯಾಣಮ್ಮ ಟೀಚರು. ಓದಿದ್ದು ಉರ್ದುವಿನಲ್ಲಿ, ಈಗ ಕಲಿಸುತ್ತಿದ್ದುದು ಕನ್ನಡದಲ್ಲಿ. ನೌಕರಿ ಕಾಯಂ ಆಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕೆಂದು ಇನ್ಸ್‌ಪೆಕ್ಟರು ಹೇಳಿಹೋಗಿದ್ದರು. ಆಕೆಯ ತಂದೆ ಸಂಗಣ್ಣ ಊರಿನ ದೊಡ್ಡ ಕಾಳಿನ ವ್ಯಾಪಾರಿ. ಗಂಡುಮಕ್ಕಳ ಶಾಲೆಯ ಇಂಗ್ಲಿಷ್ ಮಾಸ್ತರನನ್ನು ತಾನೇ ಹೋಗಿ ಕರೆದುಬಂದಿದ್ದ.

ಮಲ್ಕಪ್ಪ ಕೊಂಕಲ್ಲಿನ ಕುರುಬರ ಮಾನಪ್ಪನ ಮಗ. ಹೈದರಾಬಾದಿನ ಹಾಸ್ಟೆಲಿನಲ್ಲಿದ್ದು ಓದಿದವನು. ಅವನ ಊರಿನ ಕುರಿಗಳ ಉಣ್ಣೆಯ ಕಂಬಳಿ ಸಂಗಣ್ಣನ ಪಡಸಾಲೆಯವರೆಗೆ ಬಂದಿತ್ತು. ಅವನ ಮನೆತನದವರು ಯಾರೂ ಬಂದಿರಲಿಲ್ಲ.

ಪಾಠದ ಹೊತ್ತಿಗೆ ಕಲ್ಯಾಣಮ್ಮನ ತಾಯಿ ಗೊಲ್ಲಾಳಮ್ಮ ಬಾಗಿಲಲ್ಲೇ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂಡುತ್ತಿದ್ದಳು. ಇಂಗ್ಲಿಷಿನ ಒಂದಕ್ಷರವೂ ಆಕೆಗೆ ಬಾರದು. ಆದರೂ ಒಂದು ದಿನದ ಪಾಠವನ್ನೂ ತಪ್ಪಿಸಲಿಲ್ಲ.

"ರೀಡಿಂಗ್ ಎ ಬುಕ್ ಅಂದ್ರ ಬುಕ್ ಸೀದಾ ಬಂದು ಕುಂದರ್ತದ," ಎಂದು ಮಲ್ಕಪ್ಪ ತಿಳಿಸಿ ಹೇಳುತ್ತಿದ್ದ. "ವೇಟಿಂಗ್ ಹಂಗಲ್ರಿ. ಅದಕ್ಕ ಫಾರ್ ಬೇಕು. ಲುಕಿಂಗ್‌ಗಿ ಆ್ಯಟ್, ಥಿಂಕಿಂಗ್‌ಗಿ ಆಫ್."

"ಕನ್ನಡದಾಗ ಬಸ್ ಕಾಯಾಕತ್ತೇನಿ ಅಂದ್ರ ಮುಗೀತು. ನಿಮ್ಮ ಇಂಗ್ಲಿಷಿನ್ಯಾಗ ನಡುವ ಒಬ್ಬ ದಲ್ಲಾಳಿ ಬೇಕೇನ್ರಿ?"

"ವ್ಯಾಪಾರಸ್ಥರ ಮಗಳು ಕೇಳೂ ಮಾತ ಇದು!"

"ಕುರುಬರ ಮಗ ಹೆಂಗ ಹೇಳ್ತೀರಿ ಮತ್ತ?"

ಅವನು ಸ್ವಲ್ಪ ಯೋಚಿಸಿದ. "ಕೆಲವು ಕುರಿ ತಾವಾಗೇ ಬೆನ್ನಿಗಿ ಬರ್ತಾವ್ರಿ. ಕೆಲವುಕ್ಕ ಸಿಳ್ಳಿ ಹಾಕ್ಬೇಕು."

"ಹಂಗಾರ ವೇಟಿಂಗ್ ಅನ್ನೂ ಕುರಿಗಿ ಸಿಳ್ಳಿ ಹಾಕ್ರಿ ನೋಡೂನು," ಎಂದು ಆಕೆ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ನಕ್ಕಳು. ಗೊಲ್ಲಾಳಮ್ಮನ ಮೊರ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು.

ಚಳಿಗಾಲ ಕಳೆಯುವಷ್ಟರಲ್ಲಿ ಪಾಠದ ವಾಕ್ಯಗಳು ಬದಲಾಗಿದ್ದವು. ಮೊದಲು ಅವಳು ಎಮ್ಮೆ ಹಾಲು ಕರೆಯುವುದನ್ನು, ಬಸ್ಸು ಕಾಯುವುದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಆಮೇಲೆ, ನೀವು ಪಾಠಕ್ಕೆ ಬಾರದ ದಿನ ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ ಎಂದಳು. ಮಲ್ಕಪ್ಪ ತಲೆಯಾಡಿಸಿ "ಕರೆಕ್ಟ್" ಎಂದ. ಅಂದು ಶಾಲೆಯ ಗೆಳೆಯರು ಊಟಕ್ಕೆ ಕರೆದರೂ ಹೋಗದೆ, ಕೋಣೆಯಲ್ಲಿ ಒಬ್ಬನೇ ಕೂತು ಆ ವಾಕ್ಯವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡ.

ಅವಳು ಅಫ್ರೇಡ್ ಎಂಬ ಶಬ್ದದಲ್ಲಿ ಮಾತ್ರ ಯಾವಾಗಲೂ ಎಡವುತ್ತಿದ್ದಳು.

"ಉರ್ದುನ್ಯಾಗ ಅಂಜಿಕಿಗಿ 'ಸೇ' ಹಚ್ಚಿ ರೂಢಿ ಆಗ್ಯಾದ್ರಿ ನಿಮಗ, ಅದಕ್ಕ ಫ್ರಮ್ ಅಂತೀರಿ. ಇಲ್ಲಿ ಆಫ್ ಬರ್ಬೇಕು. ಆಫ್ ಆದ ಮ್ಯಾಲ ಐಎನ್‌ಜಿ. ಅಫ್ರೇಡ್ ಆಫ್ ಫಾಲಿಂಗ್."

ಪರೀಕ್ಷೆ ಹತ್ತಿರ ಬಂದಾಗ ಸುರಪುರದಿಂದ ಒಂದು ಸಂಬಂಧ ಬಂತು. ಹುಡುಗ ಪಂಪಣ್ಣ, ಬಟ್ಟೆ ಅಂಗಡಿಯವರ ಮಗ. ಸುದ್ದಿಯನ್ನು ಗೊಲ್ಲಾಳಮ್ಮನೇ ಸಂತೋಷದಿಂದ ಮಾಸ್ತರನಿಗೆ ಹೇಳಿದಳು. "ಬರೂ ವಾರ ಕನ್ಯಾ ನೋಡಾಕ ಬರ್ತಾರ. ನಿಮ್ಮ ಪಾಠ ಲಗೂನ ಮುಗಿಸ್ರಿ."

ಅಂದು ಕಲ್ಯಾಣಮ್ಮ ಪುಸ್ತಕ ತೆರೆಯಲಿಲ್ಲ. ಅವನನ್ನೇ ನೋಡಿದಳು. ಆ ನೋಟದಲ್ಲಿ ಎಂದಿನ ಕೀಟಲೆ ಇರಲಿಲ್ಲ.

"ಒಂದು ವಾಕ್ಯ ಹೇಳ್ತೀನ್ರಿ," ಎಂದು ಒಂದೊಂದೇ ಶಬ್ದವನ್ನು ಆರಿಸಿ ಇಟ್ಟಳು. "ಐ ಆ್ಯಮ್ ನಾಟ್ ಅಫ್ರೇಡ್ ಫ್ರಮ್ ಮ್ಯಾರಿಯಿಂಗ್ ಯು."

ನಿಮ್ಮನ್ನು ಮದುವೆಯಾಗಲು ನನಗೆ ಅಂಜಿಕೆಯಿಲ್ಲ.

ಹಿಂದಿನಿಂದ ಗೊಲ್ಲಾಳಮ್ಮ ಕೇಳಿದಳು, "ಏನಂದ್ಲು ಮಾಸ್ತರ? ಯಾಕ ಸುಮ್ನಾದ್ರಿ?"

"ತಪ್ಪ್ ಹೇಳಿದ್ರು ಅವ್ವಾರ," ಎಂಬ ಮಾತು ಅವನ ಬಾಯಿಂದ ಬಂದುಬಿಟ್ಟಿತು. "ಅದು ತಪ್ಪು."

ಕಲ್ಯಾಣಮ್ಮನ ಮುಖದ ಬಣ್ಣ ಇಳಿಯಿತು. "ಹೌದ್ರಿ, ತಪ್ಪಾತು," ಎಂದು ಎದ್ದು ಒಳಗೆ ಹೋದಳು.

ಬೀದಿಯ ತಿರುವಿಗೆ ಬರುವಷ್ಟರಲ್ಲಿ, ಆಕೆ ಏನೆಂದು ತಿಳಿದುಕೊಂಡಳು ಎಂಬುದು ಅವನಿಗೆ ಹೊಳೆಯಿತು. ಓಡಿಹೋಗಿ ಹೇಳಬೇಕೆನಿಸಿತು. ಏನೆಂದು ಹೇಳುವುದು? ಅವನನ್ನು ನಂಬಿ ಮನೆಯೊಳಗೆ ಬಿಟ್ಟುಕೊಂಡಿದ್ದ ಸಂಗಣ್ಣ ನೆನಪಾದ. ಟೀಚರಮ್ಮನೇ ಹೀಗೆ ಮಾಡಿದಳಂತೆ ಎಂದು ಊರವರು ಆಡಿಕೊಂಡರೆ, ನಾಳೆ ಯಾರೂ ಹೆಣ್ಣುಮಕ್ಕಳನ್ನು ಆ ಶಾಲೆಗೆ ಕಳಿಸುವುದಿಲ್ಲ ಎನಿಸಿತು. ನಾಳೆ ಹೋಗಿ ಹೇಳೋಣ ಎಂದುಕೊಂಡ.

ಮರುದಿನ ಸಂಗಣ್ಣನಿಂದ ಹೇಳಿಕೆ ಬಂತು. ಮಗಳು ಇನ್ನು ತಾನೇ ಓದಿಕೊಳ್ಳುತ್ತಾಳಂತೆ, ಪಾಠ ಸಾಕಂತೆ. ಪರೀಕ್ಷೆ ಮುಗಿಯಲಿ ಎಂದು ಮಲ್ಕಪ್ಪ ತಡೆದ. ಮುಗಿದ ಮೇಲೆ, ಫಲಿತಾಂಶ ಬರಲಿ ಎಂದ. ಅವಳು ಪಾಸಾದ ಸುದ್ದಿ, ಪಂಪಣ್ಣನೊಂದಿಗೆ ನಿಶ್ಚಯವಾದ ಸುದ್ದಿ ಎರಡೂ ಒಂದೇ ಬಾಯಿಂದ ಕೇಳಿದ.

ಶಹಾಪುರದ ಶಾಲೆಯಲ್ಲಿ ಅವಳ ಕೊನೆಯ ದಿನ ಅವನು ಹೋದ. ಹುಡುಗಿಯರು ಮನೆಗೆ ಹೋಗಿದ್ದರು. ಕಲ್ಯಾಣಮ್ಮ ಒಬ್ಬಳೇ ನಕಾಶೆಗಳನ್ನು ಸುತ್ತಿಡುತ್ತಿದ್ದಳು.

"ಆ ದಿನ ನಾ ತಪ್ಪು ಅಂದಿದ್ದು ಫ್ರಮ್‌ಗಿ," ಎಂದ ಪೀಠಿಕೆಯಿಲ್ಲದೆ. "ಆಫ್ ಆಗ್ಬೇಕಿತ್ತು. ಅಷ್ಟ."

ಆಕೆಯ ಕೈಯಲ್ಲಿದ್ದ ನಕಾಶೆ ಬಿಚ್ಚಿಕೊಂಡಿತು.

"ಅಷ್ಟ?"

"ಅಷ್ಟ್ರಿ."

ಅವಳು ನಗಲು ಹೋದಳು. ನಗು ಅರ್ಧಕ್ಕೇ ಮುರಿಯಿತು. "ನಾ ಮನಸ್ಸು ಮಾಡಿದ್ದ ತಪ್ಪು ಅಂದ್ರಿ ಅಂತ ತಿಳ್ಕೊಂಡಿದ್ದೆ. ಎಷ್ಟು ನಾಚಿಕಿ ಪಟ್ಟೀನಿ ಗೊತ್ತದೇನು?"

"ಮರುದಿನಾನ ಬಂದು ಹೇಳ್ಬೇಕಿತ್ತು. ಅಂಜಿದೆ."

"ಯಾರಿಗಿ?"

"ನಿಮ್ಮಪ್ಪಾರಿಗಿ. ಊರಿಗಿ. ಖರೇ ಹೇಳ್ಬೇಕಂದ್ರ ನಿಮಗೂ ಅಂಜಿದೆ."

"ನಾನೂ ಅಂಜಿದ್ದೆ ಬಿಡ್ರಿ. ಅಂಜಿಕಿ ಇಲ್ಲ ಅಂತ ಹೇಳಾಕ ನನಗ ಇಂಗ್ಲಿಷ್ ಬೇಕಾತು ನೋಡ್ರಿ."

ಮಲ್ಕಪ್ಪ ಒಂದು ಹೆಜ್ಜೆ ಮುಂದೆ ಬಂದ. "ಈಗ ಕನ್ನಡದಾಗ ಕೇಳ್ತೀನಿ. ನನ್ನ ಕೂಡ ಬರ್ತೀರೇನು? ನಿಮ್ಮಪ್ಪಾರ ಮುಂದ ನಾನ ನಿಂತು ಹೇಳ್ತೀನಿ."

ಅವಳು ಬಿಚ್ಚಿದ ನಕಾಶೆಯನ್ನೇ ನೋಡಿದಳು. ಕಣ್ಣು ತುಂಬಿ ಬಂದರೂ ಒರೆಸಿಕೊಳ್ಳಲಿಲ್ಲ.

"ಪಂಪಣ್ಣ ಅವ್ರು ಬಂದಾಗ ಅವ್ವನ ಮುಂದ ಕುಂತು ಕೇಳಿದ್ರು, ನಿಮಗ ಮನಸ್ಸದೇನ್ರಿ, ಇಲ್ಲಂದ್ರ ಇಲ್ಲನ್ರಿ, ನಾನ ಏನರ ನೆಪ ಹೇಳಿ ಹೋಗ್ತೀನಿ ಅಂತ. ನಾ ಹೌದು ಅಂದೆ. ಸುರಪುರದಾಗೂ ಶಾಲಿ ಕಲಿಸ್ತೀನಿ ಅಂದೆ. ಅದಕ್ಕೂ ಹೂಂ ಅಂದಾರ. ಯಾರೂ ಜುಲ್ಮಿ ಮಾಡಿಲ್ಲ. ಅಂಥವ್ರಿಗಿ ಈಗ ಹೆಂಗ ಇಲ್ಲ ಅನ್ಲಿ?"

ಮಲ್ಕಪ್ಪ ಕೇಳಬೇಕಾಗಿದ್ದ ಪ್ರಶ್ನೆಯನ್ನು ಇನ್ನೊಬ್ಬ ಬಂದು ನೇರವಾಗಿ ಕೇಳಿಹೋಗಿದ್ದ. ಆ ಮನುಷ್ಯನ ಮೇಲೆ ಸಿಟ್ಟು ಬರಲೂ ಇಲ್ಲ.

"ಛಲೋ ಮನಷ್ಯಾ ಅದಾರ," ಎಂದ.

"ಅದಾರ." ಅವಳು ನಕಾಶೆಯನ್ನು ಮತ್ತೆ ಸುತ್ತಿ ಮೂಲೆಗಿಟ್ಟಳು. ಬಾಗಿಲವರೆಗೆ ಹೋಗಿ ನಿಂತಳು. "ಮಲ್ಕಪ್ಪ," ಎಂದಳು. ಅವನ ಹೆಸರು ಅವಳ ಬಾಯಲ್ಲಿ ಬಂದಿದ್ದು ಅದೇ ಮೊದಲು. "ಮುಂದ ಯಾರ ಮ್ಯಾಲರ ಮನಸ್ಸಾತಂದ್ರ ತಡಾ ಮಾಡಬ್ಯಾಡ್ರಿ."

ಸೆರಗನ್ನು ತಲೆಯ ಮೇಲೆಳೆದುಕೊಂಡು ಅವಳು ಬಿಸಿಲಿಗಿಳಿದು ಹೋದಳು.

ಮಲ್ಕಪ್ಪ ಹುಡುಗಿಯರ ಗಿಡ್ಡ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡ. ಸ್ವಲ್ಪ ಹೊತ್ತಿನಲ್ಲಿ ಶಾಲೆಯ ಆಯಾ ದಾವಲಬೀ ಬೀಗ ಹಾಕಲು ಬಂದಳು. ಒಳಗೆ ಇಣುಕಿದಳು. ಏನೂ ಕೇಳದೆ, ಕೀಲಿಕೈಯನ್ನು ಮಡಿಲಲ್ಲಿಟ್ಟುಕೊಂಡು, ಹೊರಗೆ ಮೆಟ್ಟಿಲ ಮೇಲೆ ಕೂತುಕೊಂಡಳು.