ಮೂರಿಂಚಿನ ಮಡಿಕೆ

"ಇದನ್ನ ಹೊಲಿದದ್ದು ಯಾರು?"

ವಕೀಲ ಗಾಬರಿಯಾಗಿ ತನ್ನ ಕರಿ ಕೋಟನ್ನು ನೋಡಿಕೊಂಡ. ಎಡತೋಳು ಹೆಗಲಿನ ಹತ್ತಿರ ಕಿತ್ತು ನೇತಾಡುತ್ತಿತ್ತು. ಎದುರಿನ ಕೋರ್ಟಿನಲ್ಲಿ ಕಲಾಪ ಶುರುವಾಗಲು ಇನ್ನು ಇಪ್ಪತ್ತೇ ನಿಮಿಷ.

"ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡು ಹರೀತು, ಮೇಡಂ."

"ಹರಿದದ್ದು ಹೇಗೆ ಅಂತ ಕೇಳಲಿಲ್ಲ. ಇದಕ್ಕೆ ಮುಂಚೆ ಇಲ್ಲಿ ಹೊಲಿಗೆ ಹಾಕಿದ ಪುಣ್ಯಾತ್ಮ ಯಾರು ಅಂತ ಕೇಳ್ದೆ. ಇಷ್ಟಿಷ್ಟುದ್ದ ಹೊಲಿಗೆ! ದಾರಕ್ಕೇನು ಬರಗಾಲ ಬಂದಿತ್ತಾ?"

"ನಾನೇ," ಎಂದ. ಅವನ ಕಿವಿ ಕೆಂಪಾಯಿತು.

ಅವಳಿಗೆ ನಗು ಉಕ್ಕಿ ಬಂತು. ಸರಕ್ಕನೆ ಎರಡು ಗುಂಡುಸೂಜಿ ತೆಗೆದು ತುಟಿಯಲ್ಲಿ ಕಚ್ಚಿಕೊಂಡು ಮರ್ಯಾದೆ ಉಳಿಸಿಕೊಂಡಳು.

ಕೋರ್ಟಿನ ಮಂದಿಗೆಲ್ಲ ಅವಳು ಟೇಪಕ್ಕ. ಎದ್ದಾಗಿನಿಂದ ಮಲಗುವವರೆಗೆ ಕೊರಳಲ್ಲಿ ಟೇಪು. ವಯಸ್ಸು ಮೂವತ್ತಮೂರು, ಅಂಗಡಿ ಅಪ್ಪನದು, ನಾಲಿಗೆ ಅವಳದೇ. ಯಾರನ್ನಾದರೂ ಒಮ್ಮೆ ನೋಡಿದರೆ ಸಾಕು, ಎದೆ ಮೂವತ್ತೆಂಟು, ತೋಳು ಇಪ್ಪತ್ತಮೂರೂವರೆ ಎಂದು ಹೇಳುತ್ತಿದ್ದಳು. ತನ್ನನ್ನು ನೋಡಲು ಬಂದ ಗಂಡುಗಳನ್ನೂ ಹೀಗೇ ಒಂದು ನೋಟದಲ್ಲಿ ಅಳೆದು ವಾಪಸು ಕಳಿಸಿದ್ದಳು ಎನ್ನುವುದು ಬೀದಿಯವರ ಮಾತು. ಸುಳ್ಳೇನಲ್ಲ.

"ಬಿಚ್ಚಿ ಕೊಡೋಕೆ ಟೈಮಿಲ್ಲ, ಅಲ್ವಾ? ಹಾಗಾದ್ರೆ ಅಲ್ಲಾಡದೆ ನಿಂತ್ಕೊಳ್ಳಿ. ಸೂಜಿ ಚುಚ್ಚಿದ್ರೆ ನನ್ನ ಮೇಲೆ ಕೇಸ್ ಹಾಕ್ಬೇಡಿ."

ಮೈಮೇಲಿದ್ದ ಕೋಟಿಗೇ ಹೊಲಿಗೆ ಹಾಕಿದಳು. ಅವನು ಉಸಿರು ಬಿಗಿಹಿಡಿದು ನಿಂತ. ಎದುರಿಗೆ ಆಳೆತ್ತರದ ಕನ್ನಡಿ. ಕನ್ನಡಿಯಲ್ಲಿ ಅವನು ಅವಳನ್ನು ನೋಡಿದ. ಅವನು ನೋಡಿದ್ದನ್ನು ಅವಳು ನೋಡಿದಳು. ಇಬ್ಬರೂ ಒಟ್ಟಿಗೆ ಗೋಡೆ ಗಡಿಯಾರ ನೋಡಿದರು.

ಕೊನೆಗೆ ದಾರ ಕಡಿಯಲು ಕತ್ತರಿ ಕೈಗೆ ಸಿಗಲಿಲ್ಲ. ಅವಳು ಅವನ ಹೆಗಲಿಗೆ ಬಗ್ಗಿ ಹಲ್ಲಲ್ಲೇ ಕಡಿದಳು. ಕತ್ತರಿ ಅವಳ ಸೊಂಟದ ಜೇಬಿನಲ್ಲೇ ಇತ್ತು ಎಂಬುದು ಆಮೇಲೆ ನೆನಪಾಯಿತು.

ಅದಾದ ಮೇಲೆ ವಕೀಲನ ಬಟ್ಟೆಗಳಿಗೆ ಏನೋ ಗ್ರಹಚಾರ ಹಿಡಿಯಿತು. ಒಂದು ದಿನ ಗುಂಡಿ ಬಿತ್ತು, ಇನ್ನೊಂದು ದಿನ ಜೇಬು ತೂತಾಯಿತು. ತಾನಾಗಿ ಬಿದ್ದ ಗುಂಡಿಯ ದಾರಕ್ಕೂ ಬ್ಲೇಡಿನಿಂದ ಕೊಯ್ದ ದಾರಕ್ಕೂ ಇರುವ ವ್ಯತ್ಯಾಸ ಯಾವ ದರ್ಜಿಗೂ ಗೊತ್ತು. ಅವಳು ಬಾಯಿ ಬಿಡಲಿಲ್ಲ. ಗುಂಡಿ ಹಾಕಿಕೊಟ್ಟಳು, ಸ್ವಲ್ಪ ಸಡಿಲವಾಗಿಯೇ ಹಾಕಿದಳು.

ಹತ್ತನೆಯ ಸಲ ಬಂದಾಗ ಅವನು ಹೊಸ ಕೋಟಿಗೇ ಬಟ್ಟೆ ತಂದಿದ್ದ. ಅಳತೆಗೆ ನಿಂತವನ ಮುಖ ಅಂದು ಸಪ್ಪಗಿತ್ತು.

"ಏನು ವಕೀಲರೇ, ಎದೆ ಅಳೀತಿದ್ರೆ ಬರೀ ನಿಟ್ಟುಸಿರು ಬಿಡ್ತೀರಿ. ಅರ್ಧ ಇಂಚು ಹೆಚ್ಚುಕಮ್ಮಿ ಆಗುತ್ತೆ."

"ಆ ಕಮಾಂಡರ್ ಕೇಸು," ಎಂದ.

ಆ ಕೇಸು ಗೊತ್ತಿಲ್ಲದವರು ಊರಲ್ಲಿ ಯಾರೂ ಇರಲಿಲ್ಲ. ಹದಿನೇಳು ವರ್ಷದ ಹಿಂದೆ ಯುದ್ಧ ನಡೆದಾಗ ಶಾಲೆಯ ಮಕ್ಕಳನ್ನು ತನ್ನ ಪಡೆಗೆ ಸೇರಿಸಿಕೊಂಡವನು ಈಗ ಎದುರಿನ ವಿಶೇಷ ನ್ಯಾಯಾಲಯದ ಕಟಕಟೆಯಲ್ಲಿದ್ದ. ನ್ಯಾಯಾಧೀಶರು ಮೂರು ದೇಶಗಳಿಂದ ಬಂದಿದ್ದರು.

"ಅಂತರರಾಷ್ಟ್ರೀಯ ಕಾನೂನು ಸ್ಪಷ್ಟವಾಗಿದೆ," ಎಂದ ಅವನು. "ಹದಿನೈದು ತುಂಬದ ಮಗುವನ್ನ ಸೈನ್ಯಕ್ಕೆ ಸೇರಿಸ್ಕೊಂಡ್ರೆ ಯುದ್ಧಾಪರಾಧ. ಮಗು ತಾನಾಗೇ ಬಂದು ಸೇರ್ತೀನಿ ಅಂದಿದ್ರೂ ಅಷ್ಟೇ, ಆ ನೆಪ ನಡೆಯಲ್ಲ. ಅವರ ವಯಸ್ಸಿಗೂ ನಮ್ಮ ಹತ್ರ ಶಾಲೆ ದಾಖಲೆ ಇದೆ. ಹನ್ನೆರಡು, ಹದಿಮೂರು. ಆದ್ರೆ ಈತ ಏನಂತಾನೆ ಗೊತ್ತಾ? 'ನನಗೆ ಎಲ್ಲರೂ ದೊಡ್ಡವರಾಗೇ ಕಂಡ್ರು, ಕುಳ್ಳಗಿದ್ರು ಅಷ್ಟೆ' ಅಂತ. ಅವನಿಗೆ ಗೊತ್ತಿತ್ತು ಅಂತ ತೋರಿಸ್ಬೇಕು. ಅದೊಂದೇ ಬಾಕಿ."

ಅವಳ ಕೈಯಲ್ಲಿದ್ದ ಟೇಪು ಅವನ ಎದೆಯ ಮೇಲೆ ನಿಂತುಹೋಯಿತು.

"ನಾಳೆ ಬನ್ನಿ," ಎಂದಳು.

"ತೋಳಿನ ಅಳತೆ?"

"ನಿಮ್ಮ ತೋಳು ನನಗೆ ಬಾಯಿಪಾಠ. ನಾಳೆ ಬನ್ನಿ."

ಅಪ್ಪ ಅಂಗಡಿಯ ಮೇಲಿನ ಕೋಣೆಯಲ್ಲಿದ್ದರು. ಹದಿನೇಳು ವರ್ಷದಿಂದ ಅವರು ಕತ್ತರಿ ಮುಟ್ಟಿರಲಿಲ್ಲ. ಕಾಜಾ ಹೊಲಿಯುತ್ತಿದ್ದರು, ಇಸ್ತ್ರಿ ಮಾಡುತ್ತಿದ್ದರು, ಬಟ್ಟೆಯನ್ನು ಮಾತ್ರ ಕತ್ತರಿಸುತ್ತಿರಲಿಲ್ಲ. ಕಾರಣ ಅವಳಿಗೊಬ್ಬಳಿಗೇ ಗೊತ್ತಿತ್ತು.

"ಅಪ್ಪಾ, ಆ ವರ್ಷದ ಅಳತೆ ಪುಸ್ತಕ ಕೊಡ್ಬೇಕು."

ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟರು.

"ಹೊಲಿದವನು ನಾನು ಅಂತ ಬೀದಿಗೆಲ್ಲ ಗೊತ್ತಾಗುತ್ತೆ, ಮಗಳೇ."

"ಬಂದೂಕು ತೋರಿಸಿ ಹೊಲಿಸಿದ್ರು ಅಂತಾನೂ ಗೊತ್ತಾಗುತ್ತೆ."

"ಬಂದೂಕು ನನ್ನ ಕಡೆಗಿತ್ತು, ನಿಜ. ಆದ್ರೂ ಕೈ ನಂದೇ ಅಲ್ವಾ." ಅಪ್ಪ ಎದ್ದು ಟ್ರಂಕಿನ ಬೀಗ ತೆಗೆದರು. "ನಾನು ಅಳತೆ ಕೂಗಿದೆ, ಬರೆದವಳು ನೀನು. ನೀನೇ ಹೋಗಿ ಹೇಳು. ಯಾರು ಏನಾದ್ರೂ ಅಂದ್ಕೊಳ್ಳಲಿ."

ಮರುದಿನ ವಕೀಲ ಬಂದ. ಕಚ್ಚಾ ಹೊಲಿಗೆ ಹಾಕಿದ ಕೋಟನ್ನು ತೊಡಿಸಿ, ಅಲ್ಲಲ್ಲಿ ಪಿನ್ನು ಚುಚ್ಚುತ್ತ ಅವಳು ಮಾತು ತೆಗೆದಳು. "ಆ ಮಕ್ಕಳ ಯೂನಿಫಾರ್ಮ್ ನಮ್ಮ ಅಂಗಡೀಲೇ ಹೊಲಿದದ್ದು. ನಲವತ್ತೊಂದು ಜೊತೆ. ಅಳತೆ ಪುಸ್ತಕ ಇದೆ. ಅದರಲ್ಲಿ ಕಮಾಂಡರ್ ತಾನೇ..."

"ಸಾಕು!" ಅವನು ಕೈ ಎತ್ತಿದ. ಮುಖ ಬಿಳಚಿಕೊಂಡಿತ್ತು. "ಇನ್ನೊಂದು ಮಾತೂ ನನಗೆ ಹೇಳಬೇಡಿ. ಪುಸ್ತಕ ತೋರಿಸಲೂಬೇಡಿ. ನಾಳೆ ಬೇರೆಯವರು ಬರ್ತಾರೆ."

ಪಿನ್ನು ಚುಚ್ಚಿದ್ದ ಕೋಟನ್ನು ಬಿಚ್ಚಿ ಮೇಜಿನ ಮೇಲಿಟ್ಟು ಹೊರಟೇಹೋದ. ಮರುದಿನ ಅವನ ಹಿರಿಯ ವಕೀಲೆ ಇಬ್ಬರು ತನಿಖಾಧಿಕಾರಿಗಳ ಜೊತೆ ಬಂದು ಹೇಳಿಕೆ ಬರೆದುಕೊಂಡು, ಪುಸ್ತಕಕ್ಕೆ ಮೊಹರು ಹಾಕಿ ತೆಗೆದುಕೊಂಡು ಹೋದರು.

ಅವನು ಮತ್ತೆ ಬರಲಿಲ್ಲ. ಐದು ತಿಂಗಳು. ಎದುರಿನ ಮೆಟ್ಟಿಲು ಇಳಿಯುವಾಗ ಅಂಗಡಿಯ ಕಡೆ ತಿರುಗಿಯೂ ನೋಡದೆ, ನೆಲದಲ್ಲಿ ಏನೋ ಬೀಳಿಸಿಕೊಂಡವನ ಹಾಗೆ ತಲೆ ತಗ್ಗಿಸಿ ಹೋಗುತ್ತಿದ್ದ. ಬೇಕಾದದ್ದು ಸಿಕ್ಕಿತು, ಕಾಲಿಗೆ ಬುದ್ಧಿ ಹೇಳಿದ ಎಂದು ಟೇಪಕ್ಕ ತೀರ್ಮಾನಿಸಿದಳು. ಅವಳಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಯಿತು. ಅರ್ಧ ಹೊಲಿದ ಕೋಟನ್ನು ಬಿಚ್ಚಿ ಚೂರು ಮಾಡುತ್ತೇನೆಂದು ಮೂರು ಸಲ ಕೈಗೆ ತೆಗೆದುಕೊಂಡು ಮೂರು ಸಲವೂ ಹ್ಯಾಂಗರಿಗೇ ಹಾಕಿದಳು.

ಸಾಕ್ಷಿ ಹೇಳುವ ದಿನ ಅವಳು ಟೇಪನ್ನು ಕೊರಳಿನಿಂದ ತೆಗೆಯಲು ಮರೆತೇ ಕಟಕಟೆ ಹತ್ತಿದಳು. ಅವನು ಎಲ್ಲೂ ಕಾಣಲಿಲ್ಲ. ಪ್ರಶ್ನೆ ಕೇಳಿದ್ದು ಹಿರಿಯ ವಕೀಲೆ. ಪುಸ್ತಕ ನಿಮ್ಮದೇ, ಬರಹ ನಿಮ್ಮದೇ ಎಂದೆಲ್ಲ ಕೇಳಿ ಕೂತರು. ಆಮೇಲೆ ಕಮಾಂಡರನ ವಕೀಲರು ಎದ್ದರು. ಕಬ್ಬಿಣದ ಕಡಲೆಯಂಥ ಮನುಷ್ಯ, ಮಾತು ಮಾತ್ರ ಬೆಣ್ಣೆ.

"ತಾಯಿ, ಸರ್ಕಾರಿ ವಕೀಲರ ಕಡೆಯ ಒಬ್ಬರು ನಿಮ್ಮ ಅಂಗಡಿಗೆ ಪದೇ ಪದೇ ಬರ್ತಿದ್ರಂತೆ?"

"ಬರ್ತಿದ್ರು. ಗುಂಡಿ ಹಾಕಿಸ್ಕೊಳ್ಳೋಕೆ."

"ಗುಂಡಿಗೆ ಮಾತ್ರಾನಾ?" ಅವರು ಒಂದು ಕಾಗದ ಎತ್ತಿ ಹಿಡಿದರು. "ಅವರೇ ತಮ್ಮ ಮುಖ್ಯಸ್ಥರಿಗೆ ಬರೆದ ಪತ್ರ. ನಿಯಮದ ಪ್ರಕಾರ ನಮಗೂ ಪ್ರತಿ ಕೊಟ್ಟಿದ್ದಾರೆ. ಓದ್ತೀನಿ. 'ಸದರಿ ಹೊಲಿಗೆ ಅಂಗಡಿಗೆ ನಾನು ಹನ್ನೊಂದು ಬಾರಿ ಹೋಗಿದ್ದೇನೆ. ಅದರಲ್ಲಿ ಎಂಟು ಬಾರಿ ಕೆಲಸವಿರಲಿಲ್ಲ. ಈ ಸಾಕ್ಷಿಯನ್ನು ನಾನು ಪ್ರೀತಿಸುತ್ತೇನೆ. ಆಕೆಗೆ ಅದನ್ನು ಹೇಳಿಲ್ಲ, ತೀರ್ಪು ಬರುವವರೆಗೆ ಹೇಳುವುದೂ ಇಲ್ಲ, ಕಾಣುವುದೂ ಇಲ್ಲ. ಆಕೆಯ ಪುಸ್ತಕದ ಮೇಲೆ ನನ್ನಿಂದ ಒಂದು ಕಲೆಯೂ ಬೀಳಬಾರದು. ಆಕೆಯ ಸಾಕ್ಷ್ಯಕ್ಕೆ ಸಂಬಂಧಿಸಿದ ಯಾವ ಕೆಲಸವನ್ನೂ ನನಗೆ ವಹಿಸಬಾರದೆಂದು ಕೋರುತ್ತೇನೆ.'"

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಪತ್ರದ ತಾರೀಖನ್ನೂ ಓದಿದರು. ಅವನು ಕೋಟು ಬಿಚ್ಚಿಟ್ಟು ಹೋದ ಅದೇ ದಿನ. ಅಯ್ಯೋ ಪುಣ್ಯಾತ್ಮ, ಐದು ತಿಂಗಳು ನಿನ್ನನ್ನು ಬೈದೆನಲ್ಲ ಎಂದು ಮನಸ್ಸು ಹಿಗ್ಗಿತು, ಕಣ್ಣು ತುಂಬಿತು. ಆದರೆ ಅಳಲು ಇದು ಜಾಗವಲ್ಲ. ಅವಳು ಈಗ ಎಡವಿದರೆ ಪುಸ್ತಕ ಹೋಯಿತು. ಪುಸ್ತಕ ಹೋದರೆ ನಲವತ್ತೊಂದು ಮಕ್ಕಳ ಮಾತೂ ಹೋಯಿತು. ಅವಳು ಕೊರಳ ಟೇಪಿನ ಎರಡು ತುದಿ ಹಿಡಿದು ನೆಟ್ಟಗೆ ನಿಂತಳು.

"ಅಂದ್ರೆ ಇದೆಲ್ಲ ಪ್ರೇಮಕ್ಕಾಗಿ ಕೊಟ್ಟ ಸಾಕ್ಷಿ, ಅಲ್ವಾ ತಾಯಿ?"

"ಸ್ವಾಮಿ, ಆ ವಿಷಯ ನನಗೆ ಗೊತ್ತಾಗಿದ್ದೇ ಈಗ, ಅದೂ ನಿಮ್ಮ ಬಾಯಿಂದ. ನಿಮಗೆ ಋಣಿ." ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಆದ್ರೆ ಪುಸ್ತಕಕ್ಕೆ ಹದಿನೇಳು ವರ್ಷ. ಅದನ್ನ ಬರೆದಾಗ ನನಗೆ ಹದಿನಾರು. ಆಗ ಅವರು ಯಾವ ಊರಲ್ಲಿದ್ರೋ!"

ಕಮಾಂಡರನ ವಕೀಲರು ದಾರಿ ಬದಲಿಸಿದರು. "ಎದೆ ಇಪ್ಪತ್ತಾರು, ಇಪ್ಪತ್ತೇಳು ಅಂತಿದೆ. ಸಣ್ಣ ಮೈಕಟ್ಟಿನ ಗಂಡಸರು ಇರೋದಿಲ್ವೇ?"

"ಇರ್ತಾರೆ. ಅವರಿಗೂ ಹೊಲೀತೀವಿ. ಆದ್ರೆ ಅವರಿಗೆ ಮಡಿಕೆ ಬಿಡಲ್ಲ."

"ಹಾಗಂದ್ರೆ?"

ಅವಳು ನ್ಯಾಯಾಧೀಶರ ಕಡೆ ತಿರುಗಿದಳು. "ಬೆಳೆಯೋ ಮಕ್ಕಳ ಬಟ್ಟೆಗೆ ಕಾಲಲ್ಲಿ, ತೋಳಲ್ಲಿ ಬಟ್ಟೆ ಒಳಗೆ ಮಡಚಿ ಹೊಲೀತೀವಿ, ಸ್ವಾಮಿ. ಮಗು ಉದ್ದ ಆದ ಹಾಗೆ ಹೊಲಿಗೆ ಬಿಚ್ಚಿ ಇಳಿಸಬಹುದು. ಕುಳ್ಳಗಿರೋ ಗಂಡಸಿಗೆ ಯಾಕೆ ಬಿಡ್ಬೇಕು? ಅವನೇನು ಬೆಳೀತಾನಾ? ಕಮಾಂಡರ್ ಅವತ್ತು ಖುದ್ದಾಗಿ ಅಂಗಡಿಗೆ ಬಂದಿದ್ರು. 'ಮೂರಿಂಚು ಮಡಿಕೆ ಬಿಡು, ಎರಡು ವರ್ಷ ಬರ್ಬೇಕು, ಇವು ಇನ್ನೂ ಬೆಳೀತವೆ' ಅಂದ್ರು. ಗಿರಾಕಿ ಮಾಮೂಲಿಗಿಂತ ಬೇರೆ ಏನಾದ್ರೂ ಕೇಳಿದ್ರೆ ಪಕ್ಕದಲ್ಲಿ ಅವರ ಸಹಿ ಹಾಕಿಸೋದು ನಮ್ಮಪ್ಪನ ಪದ್ಧತಿ. ಆಮೇಲೆ ತಕರಾರು ಬರಬಾರದು ನೋಡಿ. ಅಪ್ಪ ಅವತ್ತು ನಡುಗ್ತಾ ಇದ್ರು, ಆದ್ರೂ ಅಭ್ಯಾಸಬಲ, ಪುಸ್ತಕ ಮುಂದಿಟ್ರು. ಕಮಾಂಡರ್ ನಕ್ಕು ಸಹಿ ಹಾಕಿದ್ರು."

ಪುಸ್ತಕ ತೆರೆದರು. ಮಡಿಕೆ ಮೂರಿಂಚು. ಪಕ್ಕದಲ್ಲಿ ಕಮಾಂಡರನ ಸಹಿ. ಆರೋಪಿಯ ಕಟಕಟೆಯಲ್ಲಿದ್ದವನು ಅಂದು ಮೊದಲ ಸಲ ಕತ್ತು ತಗ್ಗಿಸಿದ.

"ಒಬ್ಬ ಇದ್ದ," ಎಂದಳು ಅವಳು, ಯಾರೂ ಕೇಳದಿದ್ದರೂ. "ಕಂಕುಳಿಗೆ ಟೇಪು ತಾಗಿದ್ರೆ ಕಚಗುಳಿ ಅಂತ ಕಿಲಕಿಲ ನಗ್ತಿದ್ದ. ಮೂರು ಸಲ ಅಳೀಬೇಕಾಯ್ತು. ಅವನ ಮಡಿಕೆ ಬಿಚ್ಚಿಸೋಕೆ ಯಾರೂ ಬರಲೇ ಇಲ್ಲ."

ಕಮಾಂಡರನ ವಕೀಲರು ಕಾಗದ ಮಡಚಿಟ್ಟು ಕೂತರು.

ತೀರ್ಪು ಬಂದದ್ದು ನಾಲ್ಕು ತಿಂಗಳ ಮೇಲೆ. ಅಪರಾಧಿ. ಆರೋಪಿಗೆ ಮಕ್ಕಳ ವಯಸ್ಸು ಗೊತ್ತಿತ್ತು, ಅವನೇ ಕೇಳಿ ಇಡಿಸಿದ ಮಡಿಕೆಯೇ ಅದಕ್ಕೆ ಸಾಕ್ಷಿ ಎಂದು ನ್ಯಾಯಾಧೀಶರು ಓದಿದರು. ಅಪ್ಪ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡರು. ಅಂಗಡಿಗೆ ಬಂದು ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು ಒಂದು ಅಂಗಿಯ ಬಟ್ಟೆ ಕತ್ತರಿಸಿದರು. ಆಮೇಲೆ ತಾವಾಗಿ ಮೇಲಿನ ಕೋಣೆಗೆ ಹೋದರು.

ಐದು ನಿಮಿಷದಲ್ಲಿ ವಕೀಲ ಬಾಗಿಲಲ್ಲಿ ನಿಂತಿದ್ದ. ಏದುಸಿರು ಬಿಡುತ್ತಿದ್ದ.

"ನನ್ನ ಕೋಟು..." ಎಂದ.

"ಒಂಬತ್ತು ತಿಂಗಳಾಯ್ತು. ಇಷ್ಟು ದಿನ ಬಿಟ್ಟು ಬಂದ್ರೆ ಮಾರಿಬಿಡ್ತೀವಿ ಅಂತ ಬೋರ್ಡ್ ಹಾಕಿದ್ದೀವಿ, ಓದಲಿಲ್ವಾ?"

"ಮಾರಿದ್ರಾ?"

"ನಿಮ್ಮ ತೋಳಿನ ಅಳತೆಗೆ ಗಿರಾಕಿ ಸಿಗಲಿಲ್ಲ." ಅವಳು ಹೊಲಿದು ಮುಗಿಸಿಟ್ಟಿದ್ದ ಕೋಟು ತಂದು ತೊಡಿಸಿದಳು. ಕನ್ನಡಿಯಲ್ಲಿ ಅವನು ಅವಳನ್ನು ನೋಡಿದ. ಈ ಸಲ ಯಾರೂ ಗಡಿಯಾರದ ಕಡೆ ನೋಡಲಿಲ್ಲ.

"ನಾನೊಂದು ಮಾತು ಹೇಳ್ಬೇಕಿತ್ತು," ಎಂದ ಅವನು.

"ಮೂರು ದೇಶದ ನ್ಯಾಯಾಧೀಶರ ಮುಂದೆ ಓದಿಸಿದ್ದೀರಲ್ಲ."

"ಅದು ಪತ್ರ. ಬಾಯಲ್ಲಿ ಹೇಳ್ಬೇಕು." ಅವನು ಅವಳ ಕಡೆ ತಿರುಗಿದ. "ನೀವಂದ್ರೆ ನನಗೆ ಪ್ರಾಣ. ಎಂಟು ಸಲ ಸುಮ್ಮಸುಮ್ಮನೆ ಬಂದೆ."

"ಗುಂಡಿ ಕೊಯ್ದಿದ್ದು ಬ್ಲೇಡಲ್ಲಿ ಅಂತ ನನಗೆ ಮೊದಲನೇ ದಿನವೇ ಗೊತ್ತು. ನಾನೂ ಸಡಿಲ ಮಾಡೇ ಹಾಕ್ತಿದ್ದೆ."

ಅವನು ನಕ್ಕ. ನಗುತ್ತ ಕೋಟಿನ ಪಕ್ಕೆಯೊಳಗೆ ಕೈ ಹಾಕಿದವನು ಹುಬ್ಬು ಗಂಟಿಕ್ಕಿದ. "ಇಲ್ಲೇನಿದು, ದಪ್ಪಗೆ?"

"ಮಡಿಕೆ. ಎರಡೂ ಕಡೆ ಮೂರು ಮೂರಿಂಚು."

"ನನಗೆ ಮೂವತ್ತೇಳು. ಇನ್ನೆಲ್ಲಿ ಬೆಳೀತೀನಿ?"

"ಬೆಳೀತೀರಿ. ಎತ್ತರಕ್ಕಲ್ಲ, ಅಡ್ಡಕ್ಕೆ. ಮದುವೆಯಾದ ಗಂಡಸರನ್ನ ಎಷ್ಟು ಜನರನ್ನ ಅಳೆದಿಲ್ಲ ನಾನು! ವರ್ಷ ವರ್ಷ ಬಿಚ್ಚಿ ಸಡಿಲ ಮಾಡಿಕೊಡ್ತೀನಿ."

ಅವಳು ಹೊಸ ಅಳತೆ ಪುಸ್ತಕವನ್ನು ಅವನ ಮುಂದಕ್ಕೆ ತಳ್ಳಿ, ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು.

"ಮಾಮೂಲಿಗಿಂತ ಬೇರೆ ಇದೆಯಲ್ಲ. ಪಕ್ಕದಲ್ಲಿ ಸಹಿ ಹಾಕಿ."

ಅವನು ಹಾಕಿದ. ಅವಳು ಪೆನ್ನು ತೆಗೆದುಕೊಂಡು ಅದರ ಕೆಳಗೆ ತನ್ನದನ್ನೂ ಹಾಕಿದಳು.