ದಿಬ್ಬದ ರೋರಿಯ ಫೋನು

ಮೇ ತಿಂಗಳು. ಲಾಬ್‌ಸ್ಟರ್ ಎಂಬ ದೊಡ್ಡ ಸೀಗಡಿ ಹಿಡಿಯುವ ಕಾಲದ ಮೊದಲ ದಿನ. ಬೆಳಕು ಇನ್ನೂ ಹರಿದಿರಲಿಲ್ಲ, ಕೇಪ್ ಬ್ರೆಟನ್ ದ್ವೀಪದ ನಮ್ಮ ಬಂದರಿನ ದೋಣಿಗಳೆಲ್ಲ ಆಗಲೇ ಹೊರಟಿದ್ದವು. ಪಕ್ಕದ ಮನೆಯ ಸೇಡಿ ನನ್ನ ಬಾಗಿಲು ಬಡಿದಳು.

“ಆರ್ಚಿ ಅಣ್ಣ, ನಮ್ಮನೆಯವರ ಫೋನು ಬಡ್ಕೊಳ್ತಿದೆ!”

ಅವಳ ಗಂಡ ದಿಬ್ಬದ ರೋರಿ ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು. ಅವನೇ ಪಿಟೀಲಿನಲ್ಲಿ ನುಡಿಸಿ ತುಂಬಿಟ್ಟ ರಾಗ ಆ ಫೋನಿನ ಗಂಟೆ. ಅದನ್ನು ಕೇಳಲೆಂದೇ ಸೇಡಿ ಫೋನನ್ನು ಜೀವಂತ ಇಟ್ಟಿದ್ದಳು. ಅಲ್ಲಿಯವರೆಗೆ ನನಗೂ ತಿಳಿಯದ ಸಂಗತಿ.

“ಎತ್ತಿದ್ಯಾ?”

“ಸತ್ತೋರ ಫೋನು ಹೇಗಣ್ಣ ಎತ್ಲಿ? ಸೀದಾ ಇಲ್ಲಿಗೆ ಓಡ್ಬಂದೆ.”

ಹೋಗಿ ನೋಡಿದೆ. ಮೂರು ಕರೆ. ಮೂರೂ ಲಾಕಿಯವು. ಹೊಸ ದೋಣಿಯ ಎಳೆಯ ಮೀನುಗಾರ. ನಾನು ತಿರುಗಿ ಕರೆದರೆ ಉತ್ತರವಿಲ್ಲ. ಬಂದರಿಗೆ ಓಡಿದೆ. ಲಾಕಿಯ ದೋಣಿ ಬಂಡೆಗೆ ಬಡಿದಿತ್ತು. ಬೇರೆ ದೋಣಿಯವರು ಎಳೆದು ತರುವಷ್ಟರಲ್ಲಿ ಹುಡುಗನ ಕಾಲು ಜಜ್ಜಿಹೋಗಿತ್ತು.

*

“ಉಪ್ಪು ರೋರಿಗೆ ಮೂರು ಸಲ ಮಾಡ್ದೆ,” ಎಂದು ನರಳಿದ ಲಾಕಿ. “ಎತ್ಲೇ ಇಲ್ಲ.”

ಉಪ್ಪು ರೋರಿ ಬೇರೆ, ನಮ್ಮ ರಕ್ಷಣಾ ದೋಣಿಯ ಕ್ಯಾಪ್ಟನ್. ಮಧ್ಯಾಹ್ನದೊಳಗೆ ಊರು ತೀರ್ಪು ಕೊಟ್ಟಾಗಿತ್ತು.

“ಕುಡಿದು ಮಲಗಿದ್ನೇನೋ ದೊರೆ!”

“ನನ್ನ ಫೋನು ಬಡ್ಕೊಂಡೇ ಇಲ್ಲ ಕಣ್ರಯ್ಯಾ, ನೋಡಿ,” ಎಂದು ರೋರಿ ಫೋನು ಚಾಚಿದ. ಒಬ್ಬರೂ ನೋಡಲಿಲ್ಲ. ನಿಂತ ನಿಲುವಿನಲ್ಲೇ ಅವನ ಕ್ಯಾಪ್ಟನ್‌ಗಿರಿ ಕಿತ್ತರು. ಅವನು ತಲೆ ತಗ್ಗಿಸಿ ಮನೆಗೆ ಹೋದ.

ನಾನು ಲಾಕಿಯ ಫೋನು ತೆಗೆಸಿದೆ. ‘ಉಪ್ಪು ರೋರಿ’ ಎಂಬ ಹೆಸರಿನಡಿ ಸತ್ತವನ ನಂಬರು! ಉಳಿದವರೂ ನೋಡಿಕೊಂಡರು. ಎಲ್ಲರಲ್ಲೂ ಅದೇ. ಬಂದರಿಗೆಲ್ಲ ಹೆಸರು-ನಂಬರುಗಳ ಪಟ್ಟಿ ಒಂದೇ. ಯಾರು ತಿದ್ದಿದರೂ ಎಲ್ಲರ ಫೋನಿನಲ್ಲೂ ಬದಲಾಗುತ್ತದೆ.

ಬಂದರು ಕಚೇರಿಯ ಗುಮಾಸ್ತ ಬ್ಲೇರ್ ನಕ್ಕ. ರಕ್ಷಣಾ ದೋಣಿಯಲ್ಲಿ ಅವನು ಉಪ್ಪು ರೋರಿಯ ಕೈಕೆಳಗಿನವನು.

“ಯಂತ್ರದ ತಪ್ಪು ತಾತ. ಪಟ್ಟೀಲಿ ಇಬ್ರು ರೋರಿ ಮ್ಯಾಕ್‌ನೀಲ್. ಹೆಸರು ಒಂದೇ ಅಂತ ಅದು ಸೇರಿಸ್ಬಿಟ್ಟಿದೆ. ಅದಕ್ಕೇನು ಗೊತ್ತು, ಪಾಪ!”

ಎಲ್ಲರೂ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಮನುಷ್ಯನ ಮಾತಿಗೆ ಕಿವುಡು, ಯಂತ್ರಕ್ಕೆ ಪಾಪ!

*

“ಪಟ್ಟಿ ತೆಗಿ. ರೋರಿ ಮ್ಯಾಕ್‌ನೀಲ್ ಎಲ್ಲಿದಾನೆ, ತೋರಿಸು,” ಎಂದೆ.

ಬ್ಲೇರ್ ಹುಡುಕಿದ. ಇಲ್ಲ. ಇರುವುದಾದರೂ ಹೇಗೆ? ನಮ್ಮೂರಿನ ಅರ್ಧ ಜನ ಮ್ಯಾಕ್‌ನೀಲ್‌ಗಳೇ. ಹಾಗಾಗಿ ಪಟ್ಟಿಯಲ್ಲಿ ಉಪ್ಪು, ದಿಬ್ಬ ಎಂಬಂಥ ಅಡ್ಡಹೆಸರಿನಲ್ಲೇ ಬರೆಯುತ್ತೇವೆ. ಕಚೇರಿಯ ಲೈಸೆನ್ಸಿನಲ್ಲಿ ಮಾತ್ರ ಪೂರ್ತಿ ಹೆಸರು. ದಿನವಿಡೀ ಅದನ್ನೇ ಬರೆಯುವವನ ನಾಲಿಗೆ ಜಾರಿತ್ತು.

“ಯಂತ್ರಕ್ಕೆ ಉಪ್ಪು ಬೇರೆ, ದಿಬ್ಬ ಬೇರೆ. ಸೇರಿಸಿದ್ರೆ ಇಬ್ರೂ ಒಂದಾಗ್ಬೇಕಿತ್ತು. ಇಲ್ಲಿ ಇಬ್ರೂ ಇದಾರೆ, ಉಪ್ಪಿನೋನ ನಂಬರು ಮಾತ್ರ ಹೋಗಿದೆ. ಇದು ಕೈಯಿಂದ ತಿದ್ದಿದ್ದು.”

“ಯಾರ್ ಬೇಕಾದ್ರೂ ತಿದ್ದಿರ್ಬೋದು, ತಾತ.”

“ಇಲ್ಲದ ನಂಬರು ಹಾಕಿದ್ರೆ ‘ಈ ನಂಬರಿಲ್ಲ’ ಅಂತ ಬರುತ್ತೆ, ಗುಟ್ಟು ರಟ್ಟಾಗುತ್ತೆ. ಬೇರೆಯೋರದ್ದು ಹಾಕಿದ್ರೆ ಅವರು ಎತ್ತುತಾರೆ. ಬಡ್ಕೊಳ್ಬೇಕು, ಯಾರೂ ಎತ್ಬಾರ್ದು. ಅಂಥ ಫೋನು ಊರಲ್ಲಿ ಒಂದೇ. ಅದು ಜೀವಂತ ಇದೆ ಅಂತ ಯಾರಿಗೆ ಗೊತ್ತಿತ್ತು ಸೇಡಿ?”

ನನ್ನ ಹಿಂದೆಯೇ ಬಂದು ನಿಂತಿದ್ದ ಸೇಡಿ ಅವನತ್ತ ತಿರುಗಿದಳು. “ನಿಂಗೊಬ್ನಿಗೆ ಬ್ಲೇರ್. ಹೊಸ ಬ್ಯಾಟರಿ ಹಾಕ್ಕೊಟ್ಟೋನು ನೀನು. ಜನ ನಗ್ತಾರೆ, ಯಾರಿಗೂ ಹೇಳ್ಬೇಡಪ್ಪಾ ಅಂದಿದ್ದೆ. ನನ್ನ ದುಃಖಾನೇ ಕದ್ದೆಯಲ್ಲೋ ಪಾಪಿ!”

ಬ್ಲೇರನ ಮುಖ ಬಿಳಿಚಿತು. “ಶನಿವಾರ ರಕ್ಷಣಾ ದೋಣಿಯ ಅಭ್ಯಾಸಕ್ಕೆ ಕರೀತಾರಲ್ಲ, ಆ ಕರೆ ಅವನಿಗೆ ತಪ್ಪಿಸೋಣ ಅಂತಷ್ಟೇ... ಅವನ ಜಾಗ ನಂಗೆ ಸಿಗ್ಲಿ ಅಂತ. ಲಾಕಿ ಹೀಗಾಗ್ತಾನೆ ಅಂತ ಗೊತ್ತಿರ್ಲಿಲ್ಲ.”

“ಕಷ್ಟದಲ್ಲಿರೋನು ಶನಿವಾರದವರೆಗೂ ಕಾಯ್ತಾನೇನೋ?” ಎಂದೆ.

ಪೊಲೀಸರು ಅವನನ್ನು ಕರೆದೊಯ್ದರು.

*

ಸಂಜೆ ಊರಿಗೆ ಊರೇ ಉಪ್ಪು ರೋರಿಯ ಬಾಗಿಲಲ್ಲಿ ನಿಂತಿತ್ತು. ಹೆಂಗಸರು ಆಗಷ್ಟೇ ಒಲೆಯಿಂದ ತೆಗೆದ ಬಿಸಿ ಬಿಸ್ಕತ್ತು ತಂದಿದ್ದರು.

“ಯಂತ್ರ ಮೋಸ ಮಾಡ್ತು ಕಣೋ, ಮನಸ್ಸಿಗೆ ಹಚ್ಕೋಬೇಡ,” ಎಂದರು, ಬ್ಲೇರನ ಹೆಸರೂ ಎತ್ತದೆ.

“ಯಂತ್ರ ಏನೂ ಮಾಡ್ಲಿಲ್ಲ,” ಎಂದ ರೋರಿ. “ನೋಡಿ ಅಂತ ಫೋನು ಹಿಡ್ಕೊಂಡು ನಿಂತಿದ್ದೆ. ಒಬ್ರಾದ್ರೂ ನೋಡಿದ್ರಾ?”

ಯಾರೂ ನೋಡಿರಲಿಲ್ಲ. ನಾನೂ.

ತನ್ನ ಬಳಿಯೇ ಉಳಿದಿದ್ದ ರಕ್ಷಣಾ ದೋಣಿಯ ಬೀಗದ ಕೈ ನನ್ನ ಅಂಗೈಗಿಟ್ಟು, ಹೆಂಡತಿಯನ್ನು ಗಾಡಿಗೆ ಹತ್ತಿಸಿಕೊಂಡು, ಮುಂದಿನ ಮಂಗಳವಾರ ಉಪ್ಪು ರೋರಿ ಊರು ಬಿಟ್ಟ.