ಫಾಯಿಲ್ ಸುತ್ತಿದ ಎರಡು ಬಾಟಲಿ

"ಶರಬತ್ತಿಗೂ ಫಾಯಿಲ್ ಸುತ್ತುತಿದೀಯಲ್ಲ, ಏನು ಕಥೆ ನಿಂದು?" ಅಂತ ಸ್ವರೂಪ್ ಕೇಳಿದಾಗ ಶಿಲ್ಪಶ್ರೀ ತಲೆ ಎತ್ತಲಿಲ್ಲ. ಎತ್ತಿದ್ದರೆ ನಗು ಬಂದುಬಿಡುತ್ತಿತ್ತು.

"ನೇರಳೆಯ ಫಿನಾಲಿಕ್ ಸತ್ವಗಳಿಗೆ ಬೆಳಕು ಆಗಿಬರಲ್ಲ ಕಣೋ. ಲ್ಯಾಬಿಗೆ ಒಂದು ನ್ಯಾಯ, ನಿನ್ನ ಹೊಟ್ಟೆಗೆ ಇನ್ನೊಂದಾ?"

"ಬೆರಳೆಲ್ಲ ನೇರಳೆ ಮಾಡ್ಕೊಂಡಿದೀಯ. ಅದಕ್ಕೂ ಸುತ್ತಿಬಿಡು."

ಮೈಸೂರಿನ ಆ ಲ್ಯಾಬಿನಲ್ಲಿ ಜೂನ್ ಪೂರ್ತಿ ಇಬ್ಬರಿಗೂ ಇದೇ ಕೆಲಸ. ನೇರಳೆ ತಿರುಳು ಅರೆದು, ಮೆಥನಾಲಿನಲ್ಲಿ ನೆನೆಸಿ, ಸೋಸಿ, ಸಾರ ತೆಗೆಯಬೇಕು. ಮೆಥನಾಲ್ ವಿಷ. ಒಂದೆರಡು ಗುಟುಕು ಒಳಗೆ ಹೋದರೂ ಕಣ್ಣಿಗೇ ಸಂಚಕಾರ ಅಂತ ಸೇರಿದ ದಿನವೇ ಹೇಳಿಕೊಟ್ಟಿದ್ದರು. ತಿನ್ನುವ ಪದಾರ್ಥ ಸ್ಯಾಂಪಲ್ ಫ್ರಿಜ್ಜಿನಲ್ಲಿ ಇಡಬಾರದು ಅಂತಲೂ ಹೇಳಿದ್ದರು. ಪ್ರೀತಿ ಬಂದಾಗ ಇಂಥ ಮಾತು ಯಾರ ಕಿವಿಗೆ ಬೀಳುತ್ತೆ ಹೇಳಿ. ಅವಳು ಏಲಕ್ಕಿ ಹಾಕಿದ ಶರಬತ್ತನ್ನು ಅಲ್ಲೇ ಇಟ್ಟಳು. ಪಕ್ಕದಲ್ಲಿ ಅಷ್ಟೇ ಎತ್ತರದ, ಅದೇ ಬಣ್ಣದ ಸಾರ. ಅದರ ಲೇಬಲ್ಲಿನ ಮೇಲೇ ಫಾಯಿಲ್ ಸುತ್ತಿಬಿಟ್ಟಿದ್ದಳು.

ಸಂಜೆ ಸ್ವರೂಪ್ ಫ್ರಿಜ್ ತೆಗೆದು, ನಿಂತಲ್ಲೇ ಬಾಟಲಿ ಎತ್ತಿದ. ಕುಡಿಯುವಾಗಲೂ ಕಣ್ಣು ಅವಳ ಮೇಲೇ. ಮುಖ ಒಂದು ಗಳಿಗೆ ಕಿವುಚಿಕೊಂಡಿತು, ಆಮೇಲೆ ನಗು ಬಂತು.

"ಹೇಗಿದೆ?"

"ಅಮೃತ ಕಣೆ." ಉಳಿದದ್ದನ್ನು ಅವಳಿಗೆ ಕಾಣದ ಹಾಗೆ ಸಿಂಕಿಗೆ ಸುರಿದು ಬಾಟಲಿ ತೊಳೆದ. "ನಾಳೆ ಕುಕ್ಕರಹಳ್ಳಿ ಕೆರೆ ಹತ್ರ ಬರ್ತೀಯಾ? ಒಂದು ಮಾತು ಹೇಳಬೇಕು."

"ಇಲ್ಲೇ ಹೇಳು."

"ಈ ವಾಸನೇಲಿ ಬೇಡ ಮಾರಾಯ್ತಿ."

ಏನು ಮಾತು ಅಂತ ಅವಳಿಗೆ ಗೊತ್ತಿತ್ತು. ರಾತ್ರಿಯೆಲ್ಲ ಅದನ್ನೇ ನೆನೆದು ಹಿಗ್ಗಿದಳು.

ಬೆಳಿಗ್ಗೆ ಸಾರವನ್ನು ಬತ್ತಿಸಲು ಬಾಟಲಿ ತೆರೆದಳು. ಏಲಕ್ಕಿ ಘಮ್ಮೆಂದಿತು. ಫಾಯಿಲ್ ಕಿತ್ತರೆ ಲೇಬಲ್ ಇಲ್ಲ. ಶರಬತ್ತು ಇಲ್ಲಿದ್ದರೆ ಅವನು ಕುಡಿದದ್ದೇನು?

ಫೋನ್ ಎತ್ತಿದ ಸ್ವರೂಪ್ ಬನ್ನಿಮಂಟಪದ ರಸ್ತೆ ಬದಿಯಲ್ಲಿದ್ದ. "ತಲೆ ಸಿಡೀತಿದೆ ಕಣೆ, ಬೈಕ್ ನಿಲ್ಲಿಸ್ಕೊಂಡೆ. ಜೂನಲ್ಲಿ ಎಲ್ಲಿಂದ ಬಂತೋ ಈ ಮಂಜು. ಸಿಗ್ನಲ್ಲೇ ಕಾಣ್ತಿಲ್ಲ."

ಲ್ಯಾಬಿನ ಕಿಟಕಿಯಾಚೆ ಕಣ್ಣು ಕುಕ್ಕುವ ಬಿಸಿಲು.

"ನಿನ್ನೆಯ ಶರಬತ್ತು ಹೇಗಿತ್ತು? ನಿಜ ಹೇಳು ಸ್ವರೂಪ್."

"ಗಂಟಲು ಉರೀತು. ಹುಳಿ ಬಂದ್ಬುಟ್ಟಿದೆ ಅಂದ್ಕೊಂಡೆ. ನೀನು ಆಸೆಯಿಂದ ಮಾಡಿದ್ದಲ್ವಾ, ಹೆಂಗೆ ಉಗೀಲಿ?"

"ಬೈಕ್ ಮುಟ್ಟಬೇಡ. ಆಟೋ ಹತ್ತಿ ಆಸ್ಪತ್ರೆಗೆ ಹೋಗು, ಮೆಥನಾಲ್ ಕುಡಿದಿದೀನಿ ಅಂತ ಹೇಳು. ನಾನು ಬಂದೆ."

ಆಸ್ಪತ್ರೆಯಲ್ಲಿ ಡಾಕ್ಟರಿಗೆ ಅವಳು ಒಂದನ್ನೂ ಮುಚ್ಚಿಡಲಿಲ್ಲ. ಸ್ವರೂಪನ ತಾಯಿ ಅಂಬುಜಮ್ಮನಿಗೂ ಹೇಳಿದಳು. ಆಕೆ ಬೈಯಲಿಲ್ಲ. ಬೆಂಚಿನ ಮೇಲೆ ಒಂದಿಷ್ಟು ಆಚೆ ಸರಿದು ಕೂತರು.

ಡಯಾಲಿಸಿಸ್‌ನಿಂದ ರಕ್ತ ಶುದ್ಧಿ ಮಾಡಿ ಮುಗಿಸಿದ ಡಾಕ್ಟರು ಸಂಜೆ ಹೊರಗೆ ಬಂದರು. "ಜೀವಕ್ಕೆ ಭಯ ಇಲ್ಲ. ಕಣ್ಣು ಎಷ್ಟರಮಟ್ಟಿಗೆ ಉಳಿಯುತ್ತೋ ಈಗಲೇ ಹೇಳೋಕಾಗಲ್ಲ."

ಒಳಗೆ ಬಿಟ್ಟಾಗ ಸ್ವರೂಪ್ ಹೆಜ್ಜೆ ಸದ್ದಿನ ಕಡೆ ತಿರುಗಿದ. "ಇನ್ನೂ ತೊಳ್ಕೊಂಡಿಲ್ವಾ ಆ ನೇರಳೆ ಬೆರಳು?"

"ಕಾಣ್ತಿದೆಯಾ?"

"ಕಾಣದೆ ಏನು. ಉಗುರಿನ ತುದೀವರೆಗೂ ಕಾಣ್ತಿದೆ."

ಅವಳ ಎರಡೂ ಕೈ ಬೆನ್ನ ಹಿಂದಿದ್ದವು. ನಿನ್ನೆ ವಿಷ ನುಂಗಿದ ಹಾಗೇ ಇವತ್ತು ನಿಜ ನುಂಗುತ್ತಿದ್ದಾನೆ, ಅದೂ ತನಗೋಸ್ಕರ.

"ನನಗೆ ನೋವಾಗುತ್ತೆ ಅಂತ ಇನ್ಮೇಲೆ ಏನನ್ನೂ ನುಂಗಬೇಡ ಸ್ವರೂಪ್."

"ಎಲ್ಲಾ ಬೆಳ್ಳಗಿದೆ ಕಣೆ. ನಿನ್ನ ದನಿ ಬರೋ ಕಡೆ ಮುಖ ಮಾಡಿದೀನಿ ಅಷ್ಟೆ. ಕೆರೆ ಹತ್ರ ಹೇಳಬೇಕಾಗಿದ್ದ ಮಾತು ಬುಡು, ಇನ್ನು ಹೇಳೋ ಹಾಗಿಲ್ಲ."

"ಹಾಗಾದ್ರೆ ನಾನೇ ಹೇಳ್ತೀನಿ. ನಾನು ನಿನ್ನನ್ನೇ ಮದುವೆ ಆಗೋದು. ಪಾಪ ಅನ್ನಿಸಿ ಅಲ್ಲ. ನಿನ್ನೆ ಕೇಳಿದ್ರೂ ಇದನ್ನೇ ಹೇಳ್ತಿದ್ದೆ."

"ಕಣ್ಣು ಬರದಿದ್ರೆ?"

ಅವಳು ಬೆನ್ನ ಹಿಂದಿನ ಕೈ ತಂದು ಅವನ ಅಂಗೈಯಲ್ಲಿಟ್ಟಳು. ಅವನು ಒಂದೊಂದೇ ಬೆರಳನ್ನು ಮುಟ್ಟಿ ನೋಡಿದ.

"ಕಲೆ ಎಲ್ಲಿದೆ?"

ಶಿಲ್ಪಶ್ರೀ ಅವನ ಬೆರಳು ಹಿಡಿದು ತನ್ನ ಬೆರಳ ತುದಿಗೆ ಮುಟ್ಟಿಸಿದಳು.

"ಇಲ್ಲಿ," ಅಂದಳು.